ಹೂವು ನೋಡಿ ಚೆರ್ರಿ ಮರ ತರಬೇಡಿ

ಚೆರ್ರಿ ಹೂವಿನ ಮರ ಬೇಕು ಅಂತ ಆಸೆಯಾದವರು ಮೊದಲು ಮಾಡುವ ಕೆಲಸ ಒಂದೇ, ಫೋಟೊ ನೋಡುವುದು. ಗುಲಾಬಿ ಮೋಡದ ಹಾಗಿರುವ ಮರ, ಕೆಳಗೆಲ್ಲ ಉದುರಿದ ಎಸಳು. ನೋಡಿದ ತಕ್ಷಣ ಇದೇ ಬೇಕು ಅನ್ನಿಸುತ್ತದೆ. ನಾನೂ ಹಾಗೇ ತಂದವನು, ಹಾಗೇ ಕೈ ಸುಟ್ಟುಕೊಂಡವನು. ಆ ಫೋಟೊ ತೆಗೆದಿರುವುದು ವರ್ಷದ ಯಾವುದೋ ಒಂದು ವಾರದಲ್ಲಿ. ಮಿಕ್ಕ ಐವತ್ತೊಂದು ವಾರ ಆ ಮರ ಹೇಗಿರುತ್ತದೆ, ಎಷ್ಟು ಅಗಲ ಹರಡುತ್ತದೆ, ಬೇರು ಎಲ್ಲಿಗೆ ಹೋಗುತ್ತದೆ, ಎಷ್ಟು ಚಳಿ ಕೇಳುತ್ತದೆ, ಇದ್ಯಾವುದೂ ಫೋಟೊದಲ್ಲಿ ಕಾಣುವುದಿಲ್ಲ. ಅದಕ್ಕೇ ಇಲ್ಲಿ ಹೂವಿನ ಮಾತನ್ನು ಹಿಂದಕ್ಕೆ ತಳ್ಳಿದ್ದೇನೆ. ಮೊದಲು ಚಳಿ, ಆಮೇಲೆ ಜಾಗ, ಆಮೇಲೆ ಮರದ ಆಕಾರ. ಹೂವು ಕೊನೆಗೆ.

ಅಂದಹಾಗೆ ಇವು ಹಣ್ಣಿಗಾಗಿ ಬೆಳೆಸುವ ಚೆರ್ರಿ ಅಲ್ಲ. ಎಸಳು ಜಾಸ್ತಿ ಇರುವ ತಳಿಗಳು ಸಾಮಾನ್ಯವಾಗಿ ಕಾಯಿ ಕಟ್ಟುವುದೇ ಇಲ್ಲ. ಒಂಟಿ ಸುತ್ತಿನ ಹೂವಿನ ತಳಿಗಳಲ್ಲಿ ಪುಟ್ಟ ಕಹಿ ಕಾಯಿ ಬರಬಹುದು, ಅದು ಹಕ್ಕಿಗಳ ಪಾಲು. ಎಲೆ ಮತ್ತು ಬೀಜದಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇರುತ್ತದೆ, ಬಾಡಿದ ಎಲೆಯಂತೂ ದನ, ಆಡು, ಕುದುರೆಗಳಿಗೆ ಅಪಾಯ. ಹಾಗಾಗಿ ಕತ್ತರಿಸಿದ ಸೊಪ್ಪನ್ನು ಅವುಗಳ ಮುಂದೆ ಹಾಕಬೇಡಿ.

ಮೊದಲು ಚಳಿಯ ಲೆಕ್ಕ

ಚಳಿಗಾಲದಲ್ಲಿ ಈ ಮರ ಎಲೆ ಉದುರಿಸಿ ಮಲಗುತ್ತದೆ. ಸರಿಯಾಗಿ ಏಳಬೇಕಾದರೆ ಅದಕ್ಕೆ ಸಾಕಷ್ಟು ಚಳಿ ಸಿಕ್ಕಿರಬೇಕು. ಸುಮಾರು 0ಯಿಂದ 7 ಡಿಗ್ರಿ ಸೆಲ್ಸಿಯಸ್ ನಡುವಿನ ಚಳಿ, ಅದೂ ನೂರಾರು ಗಂಟೆ. ತಳಿಯಿಂದ ತಳಿಗೆ ಲೆಕ್ಕ ಬೇರೆ. ಸಿಗದಿದ್ದರೆ ಮರ ತಕ್ಷಣ ಸಾಯುವುದಿಲ್ಲ, ಅದೇ ಮೋಸ. ಇಲ್ಲೊಂದು ಅಲ್ಲೊಂದು ಮೊಗ್ಗು ಒಡೆಯುತ್ತದೆ, ಎಲೆ ತಡವಾಗಿ ಬರುತ್ತದೆ, ವರ್ಷದಿಂದ ವರ್ಷಕ್ಕೆ ಸೊರಗುತ್ತದೆ, ನೀವು ಮಾತ್ರ ಗೊಬ್ಬರ ಸಾಲದಾಯಿತೇನೋ ಅಂದುಕೊಂಡು ಸುರಿಯುತ್ತಲೇ ಇರುತ್ತೀರಿ.

ಚಳಿಗಾಲದಲ್ಲಿ ನೆಲದ ಮೇಲೆ ಹಿಮದ ಪುಡಿ ಕೂರುವಂಥ ಜಾಗ ನಿಮ್ಮದಾದರೆ ಮುಂದೆ ಹೇಳುವ ಎಲ್ಲ ತಳಿಗಳೂ ನಿಮಗೆ ಲಭ್ಯ. ಚಳಿ ಅಷ್ಟಕ್ಕಷ್ಟೇ ಅನ್ನುವಂತಿದ್ದರೆ ಯೋಚಿಸಬೇಕಾದದ್ದು ಮೂರೇ. ಒಂದು ಕ್ಯಾಂಪನುಲಾಟಾ, ಅಂದರೆ ತೈವಾನ್ ಚೆರ್ರಿ. ಗಂಟೆಯ ಆಕಾರದ, ಕಡು ಗುಲಾಬಿ ಹೂವು, ತಲೆ ಕೆಳಗಾಗಿ ನೇತಾಡುತ್ತವೆ. ಓಕಿನಾವಾದಲ್ಲಿ ಜನವರಿಯಲ್ಲೇ ಅರಳುವುದು ಇದೇ. ಆದರೆ ಇದು ಕಾಯಿ ಬಿಡುತ್ತದೆ, ಹಕ್ಕಿಗಳು ಬೀಜ ಹರಡುತ್ತವೆ, ನ್ಯೂಜಿಲೆಂಡಿನಲ್ಲಿ ಕಾಡಿಗೆ ನುಗ್ಗಿ ಕಳೆಯಾಗಿ ಕೂತಿದೆ. ಎರಡನೆಯದು ಒಕಾಮೆ. ಇದು ಕ್ಯಾಂಪನುಲಾಟಾಕ್ಕೂ ಗಟ್ಟಿ ಚಳಿ ತಡೆಯುವ ಇನ್ಸಿಸಾ ಚೆರ್ರಿಗೂ ಹುಟ್ಟಿದ್ದು, ಇಂಗ್ಲೆಂಡಿನ ಕಾಲಿಂಗ್‌ವುಡ್ ಇಂಗ್ರಾಮ್ ಬೆಳೆಸಿದ ತಳಿ. ತಾಯಿ ತಂದೆ ಇಬ್ಬರ ಗುಣವೂ ಬಂದಿದೆ: ಕಡಿಮೆ ಚಳಿಯಲ್ಲೂ ಹೂ ಬಿಡುತ್ತದೆ, ಜಾಸ್ತಿ ಚಳಿ ಬಿದ್ದರೂ ತಾಳಿಕೊಳ್ಳುತ್ತದೆ. ಮೂರನೆಯದು ಹಿಮಾಲಯದ ಕಾಡು ಚೆರ್ರಿ, ಆಯುರ್ವೇದದವರು ಪದ್ಮಕ ಅನ್ನುವ ಮರ. ಇದರ ಕಾಲವೇ ಉಲ್ಟಾ. ಉಳಿದ ಚೆರ್ರಿಗಳು ಚಳಿಗಾಲ ಮುಗಿಸಿಕೊಂಡು ಅರಳಿದರೆ ಇದು ಚಳಿ ಶುರುವಾಗುವಾಗಲೇ ಅರಳುತ್ತದೆ. ಶಿಲ್ಲಾಂಗ್‌ನಲ್ಲಿ ನವೆಂಬರ್ ತಿಂಗಳಲ್ಲಿ ಬೆಟ್ಟವೆಲ್ಲ ಗುಲಾಬಿಯಾಗುವುದು ಇದರಿಂದಲೇ. ಆದರೆ ಅದಕ್ಕೂ ಬೆಟ್ಟದ ತಂಪು ಬೇಕು.

ಚಳಿಯೇ ಇಲ್ಲದ ಬಿಸಿ ಜಾಗವಾದರೆ? ಚೆರ್ರಿಯ ಆಸೆ ಬಿಡಿ. ನಿಷ್ಠುರ ಅನ್ನಿಸಬಹುದು, ಆದರೆ ಹತ್ತು ವರ್ಷ ಒಂದು ಬಡಕಲು ಕಡ್ಡಿಗೆ ನೀರು ಹಾಕುವುದಕ್ಕಿಂತ ಇದು ವಾಸಿ. ಬಿಸಿ ಊರುಗಳ ಚೆರ್ರಿ ಹೂವು ಅಂತ ಓಡಾಡುವ ಎಷ್ಟೋ ಫೋಟೊಗಳಲ್ಲಿ ಇರುವುದು ಗುಲಾಬಿ ಬಣ್ಣದ ಟಬೇಬುಯಾ. ಅದು ಚೆರ್ರಿಗೆ ದೂರದ ನೆಂಟನೂ ಅಲ್ಲ, ಆದರೆ ಸೆಖೆಯಲ್ಲಿ ಚೆನ್ನಾಗಿ ಬೆಳೆಯುತ್ತದೆ. ಅದನ್ನೇ ಹಾಕಿ, ಸುಖವಾಗಿರಿ.

ಅಂಗಳ ಇದ್ದಷ್ಟು ಮರ

ಒಂದು ಗೂಟ, ಒಂದು ಹಗ್ಗ ತಗೊಳ್ಳಿ. ಮರ ಬರಬೇಕಾದ ಕಡೆ ಗೂಟ ಹೊಡೆದು, ಹನ್ನೆರಡು ಅಡಿ ಹಗ್ಗ ಕಟ್ಟಿ ಸುತ್ತ ಒಂದು ಸುತ್ತು ಬನ್ನಿ. ಗೋಡೆ ತಾಗಿತಾ? ಪಕ್ಕದವರ ಜಾಗ ಬಂತಾ? ಕಾರು ನಿಲ್ಲಿಸುವ ಕಡೆ ಹೋಯಿತಾ? ಹಾಗಾದರೆ ಕಾನ್‌ಜಾನ್ ನಿಮಗಲ್ಲ.

ಕಾನ್‌ಜಾನ್ ಅಂದರೆ ಎಲ್ಲರ ಮನಸ್ಸಿನಲ್ಲಿರುವ ಆ ಮರ. ಇಪ್ಪತ್ತಕ್ಕೂ ಹೆಚ್ಚು ಎಸಳಿರುವ, ಕಾಗದ ಮುದುರಿ ಮಾಡಿದ ಹಾಗಿರುವ ಗಾಢ ಗುಲಾಬಿ ಹೂವಿನ ಗೊಂಚಲು. ನರ್ಸರಿ ಚೀಟಿಯಲ್ಲಿ ಕ್ವಾನ್‌ಜಾನ್ ಅಂತಲೋ ಸೆಕಿಯಾಮಾ ಅಂತಲೋ ಬರೆದಿದ್ದರೂ ಇದೇ. ಎಳೆಯದರಲ್ಲಿ ಕೊಂಬೆಗಳನ್ನು ಹೂದಾನಿಯ ಹಾಗೆ ಮೇಲಕ್ಕೆತ್ತಿ ನಿಂತಿರುತ್ತದೆ. ಅದನ್ನು ನೋಡಿ, ಪರವಾಗಿಲ್ಲ ಜಾಗ ಹಿಡಿಯುವುದಿಲ್ಲ ಅಂದುಕೊಳ್ಳುತ್ತೇವೆ. ವಯಸ್ಸಾದ ಹಾಗೆ ಕೊಂಬೆಗಳು ಬಾಗಿ ಅಗಲಕ್ಕೆ ಚಾಚುತ್ತವೆ, ಎತ್ತರ ಅಗಲ ಎರಡೂ ಇಪ್ಪತ್ತೈದು ಮೂವತ್ತು ಅಡಿ ಮುಟ್ಟುತ್ತವೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಕಾಣುತ್ತದೆ ಅನ್ನುವ ಮಾತು ಈ ಮರದ ವಿಷಯದಲ್ಲಿ ಸುಳ್ಳು.

ಯೋಶಿನೊ ಇನ್ನೂ ದೊಡ್ಡದು. ಮೂವತ್ತರಿಂದ ನಲವತ್ತು ಅಡಿ, ಅಗಲವೂ ಹೆಚ್ಚುಕಡಿಮೆ ಅಷ್ಟೇ. ಜಪಾನಿನ ನದಿ ದಂಡೆಗಳಲ್ಲಿ, ವಾಷಿಂಗ್ಟನ್‌ನ ಕೊಳದ ಸುತ್ತ ನೋಡುವುದು ಮುಖ್ಯವಾಗಿ ಇದನ್ನೇ. 1912ರಲ್ಲಿ ಟೋಕಿಯೊದಿಂದ ವಾಷಿಂಗ್ಟನ್‌ಗೆ 3,020 ಚೆರ್ರಿ ಗಿಡಗಳು ಹೋದವು. ಅದಕ್ಕೆ ಎರಡು ವರ್ಷ ಮುಂಚೆ ಕಳಿಸಿದ್ದ ಗಿಡಗಳಿಗೆ ಹುಳ, ರೋಗ ಹತ್ತಿತ್ತು ಅಂತ ಸುಟ್ಟು ಹಾಕಿದ್ದರು. ಎಲೆ ಬರುವ ಮೊದಲೇ ಬರಿಯ ಕೊಂಬೆ ತುಂಬ ತಿಳಿ ಗುಲಾಬಿ ಹೂವು, ಅರಳುತ್ತಾ ಬಿಳಿಯಾಗುತ್ತದೆ. ಚೆಂದ, ಎರಡು ಮಾತಿಲ್ಲ. ಆದರೆ ಅದು ಪಾರ್ಕಿನ ಮರ. ಮನೆ ಮುಂದೆ ಹಾಕಿ ಆಮೇಲೆ ವರ್ಷಾ ವರ್ಷಾ ಕೊಂಬೆ ಕಡಿದು ಗಿಡ್ಡ ಮಾಡುತ್ತೇನೆ ಅನ್ನುವವರು ಮರವನ್ನೇ ಕಳೆದುಕೊಳ್ಳುತ್ತಾರೆ. ಏಕೆ ಅಂತ ಮುಂದೆ ಹೇಳುತ್ತೇನೆ.

ಜಾಗ ಇಕ್ಕಟ್ಟಾಗಿದ್ದರೆ ಅಮನೊಗಾವಾ. ಈ ಜಪಾನಿ ಹೆಸರಿನ ಅರ್ಥ ಆಕಾಶಗಂಗೆ. ಕಂಬದ ಹಾಗೆ ನೆಟ್ಟಗೆ ಮೇಲಕ್ಕೆ ಹೋಗುತ್ತದೆ, ಇಪ್ಪತ್ತು ಅಡಿ ಎತ್ತರ ಆದರೂ ಅಗಲ ಆರರಿಂದ ಹತ್ತು ಅಡಿ ಅಷ್ಟೇ. ತಿಳಿ ಗುಲಾಬಿ ಹೂವು, ಮೂಗು ಹತ್ತಿರ ತಂದರೆ ಸಣ್ಣ ಪರಿಮಳ. ನಿಜ ಹೇಳಬೇಕೆಂದರೆ ಹೂವಿಲ್ಲದ ಕಾಲದಲ್ಲಿ ಇದು ಪೊರಕೆ ತಲೆಕೆಳಗೆ ನಿಲ್ಲಿಸಿದ ಹಾಗೆ ಕಾಣುತ್ತದೆ. ಇದರ ಕೆಳಗೆ ಕುರ್ಚಿ ಹಾಕಿ ಕೂರುವ ಕನಸು ಬೇಡ, ನೆರಳೇ ಇಲ್ಲ.

ನೆಲವೇ ಇಲ್ಲ, ಕುಂಡ ಮಾತ್ರ ಅನ್ನುವವರಿಗೆ ಕೊಜೊ-ನೊ-ಮಾಯ್. ಇದು ಮರಕ್ಕಿಂತ ಪೊದೆ. ಆರೆಂಟು ಅಡಿಗೆ ನಿಲ್ಲುತ್ತದೆ, ನಿಧಾನಕ್ಕೆ ಬೆಳೆಯುತ್ತದೆ. ಇದರ ಕಡ್ಡಿಗಳು ನೆಟ್ಟಗೆ ಹೋಗುವುದಿಲ್ಲ, ಒಂದೊಂದು ಗೆಣ್ಣಿಗೂ ಎಡಕ್ಕೆ ಬಲಕ್ಕೆ ಸೊಟ್ಟಗೆ ತಿರುಗುತ್ತವೆ. ಎಲೆ ಉದುರಿದ ಮೇಲೂ ನೋಡುತ್ತಾ ಕೂರಬಹುದಾದ ಚೆರ್ರಿ ಇದು. ಎಲೆ ಉದುರುವ ಮುಂಚೆ ಕೆಂಪು ಕಿತ್ತಳೆಗೆ ತಿರುಗುವುದು ಇನ್ನೊಂದು ಲಾಭ. ಒಂದೂವರೆ ಅಡಿ ಅಗಲದ ಕುಂಡ ಸಾಕು, ಆದರೆ ಬೇಸಿಗೆಯಲ್ಲಿ ಒಂದು ದಿನವೂ ನೀರು ಮರೆಯುವ ಹಾಗಿಲ್ಲ.

ಜೋಲು ಚೆರ್ರಿ ಮತ್ತು ನನ್ನ ದಡ್ಡತನ

ನಾನು ತಂದದ್ದು ಜೋಲು ಕೊಂಬೆಯದು. ಆಳೆತ್ತರದ ನೆಟ್ಟಗಿನ ಕಾಂಡ, ತುದಿಯಿಂದ ಕೊಡೆಯ ಹಾಗೆ ಸುತ್ತಲೂ ಇಳಿಬಿದ್ದ ಕೊಂಬೆಗಳು. ಮೂರನೇ ವರ್ಷ ಕೊಡೆಯ ಮಧ್ಯದಿಂದ ಎರಡು ಚಿಗುರು ಬಾಣದ ಹಾಗೆ ಮೇಲಕ್ಕೆ ಹೊರಟವು. ನನಗೆ ಖುಷಿಯೋ ಖುಷಿ. ಮರ ಬಲ ಹಿಡಿಯಿತು ಅಂದುಕೊಂಡೆ. ಮುಂದಿನ ವರ್ಷ ಅವು ನನಗಿಂತ ಎತ್ತರ ಹೋದವು, ಅದರ ಮುಂದಿನ ವರ್ಷ ಅವುಗಳಲ್ಲಿ ಹೂ ಬಂತು. ಬಿಳಿ, ಸಾದಾ ಐದೆಸಳಿನ ಹೂವು. ಕೆಳಗೆ ಜೋಲು ಕೊಂಬೆಗಳಲ್ಲಿ ಗುಲಾಬಿ, ಮೇಲೆ ಬಿಳಿ. ಆಗಲೂ ನನಗೆ ಬುದ್ಧಿ ಬರಲಿಲ್ಲ, ಎರಡು ಬಣ್ಣ ಸಿಕ್ಕಿತು ಅಂತ ಬಂದವರಿಗೆಲ್ಲ ತೋರಿಸಿದೆ! ಎರಡು ವರ್ಷದಲ್ಲಿ ಗುಲಾಬಿ ಕೊಂಬೆಗಳು ಒಂದೊಂದಾಗಿ ಒಣಗಿದವು.

ಆದದ್ದು ಇಷ್ಟೇ. ಚೆರ್ರಿ ತಳಿಗಳು ಬೀಜದಿಂದ ತಾಯಿಯ ಹಾಗೆ ಬರುವುದಿಲ್ಲ, ಹಾಗಾಗಿ ನರ್ಸರಿಯಲ್ಲಿ ಸಿಗುವುದು ಹೆಚ್ಚಾಗಿ ಕಸಿ ಗಿಡ. ಕೆಳಗೆ ಕಾಡು ಚೆರ್ರಿಯ ಬೇರು, ಮೇಲೆ ನಿಮಗೆ ಬೇಕಾದ ತಳಿಯ ಕಡ್ಡಿ. ಬೇರೆ ಚೆರ್ರಿಗಳಲ್ಲಿ ಕಸಿ ಸಾಮಾನ್ಯವಾಗಿ ಬುಡದ ಹತ್ತಿರ ಇರುತ್ತದೆ. ಕೊಡೆಯಂಥ ಜೋಲು ಚೆರ್ರಿಯಲ್ಲಿ ಕಾಂಡದ ತುದಿಯಲ್ಲಿ. ಅಂದರೆ ಆ ಇಡೀ ಕಾಂಡವೇ ಬೇರೆ ಮರ. ಅದರಿಂದ ಹೊರಟ ಚಿಗುರು ನಿಮ್ಮ ತಳಿಯದ್ದಲ್ಲ, ಅದು ಜೋರಾಗಿ ಬೆಳೆದು ಮೇಲಿನದರ ಅನ್ನ ಕಿತ್ತುಕೊಳ್ಳುತ್ತದೆ. ಕಸಿಗಂಟಿನ ಕೆಳಗೆ ಎಲ್ಲಿ ಚಿಗುರು ಕಂಡರೂ ಎಳೆಯದಿದ್ದಾಗಲೇ ಹೆಬ್ಬೆರಳಲ್ಲಿ ತಳ್ಳಿದರೆ ಪಟ್ ಅಂತ ಮುರಿದು ಬರುತ್ತದೆ. ಅಷ್ಟೇ ಕೆಲಸ. ವಾರಕ್ಕೊಂದು ಸಲ ಕಾಫಿ ಲೋಟ ಹಿಡಿದು ಸುತ್ತು ಹಾಕುವಾಗ ಮಾಡಿಬಿಡಬಹುದು.

ಇನ್ನೊಂದು ವಿಷಯ, ತುದಿ ಕಸಿಯ ಜೋಲು ಮರ ಎತ್ತರಕ್ಕೆ ಬೆಳೆಯುವುದು ಕಡಿಮೆ. ಕಸಿ ಎಷ್ಟು ಎತ್ತರದಲ್ಲಿದೆಯೋ ಹೆಚ್ಚುಕಡಿಮೆ ಅಲ್ಲಿಂದಲೇ ಇಳಿಬೀಳುತ್ತದೆ. ಐದಡಿಯಲ್ಲಿ ಕಸಿ ಕಟ್ಟಿದ ಗಿಡ ತಂದು ಅದರ ಕೆಳಗೆ ನಡೆದಾಡುತ್ತೇನೆ ಅಂದರೆ ಆಗದು. ಎತ್ತರದ ಜೋಲು ಮರ ಬೇಕಿದ್ದರೆ ಬುಡದಲ್ಲಿ ಕಸಿ ಕಟ್ಟಿದ್ದನ್ನೇ ಕೇಳಿ ತಗೊಳ್ಳಿ, ಮತ್ತು ಜಾಗ ಬಿಡಿ. ಜಪಾನಿನ ಫುಕುಶಿಮಾದಲ್ಲಿ ಮಿಹಾರು ತಾಕಿಜಾಕುರಾ ಅಂತ ಒಂದು ಜೋಲು ಚೆರ್ರಿ ಇದೆ. ತಾಕಿ ಅಂದರೆ ಜಲಪಾತ. ಸಾವಿರ ವರ್ಷಕ್ಕೂ ಹಳೆಯದು ಅನ್ನುತ್ತಾರೆ. ಅದಕ್ಕೆ ಹೋಲಿಸಿದರೆ ಕಾನ್‌ಜಾನ್ ಆಯಸ್ಸು ಏನೂ ಅಲ್ಲ, ಸಾಮಾನ್ಯವಾಗಿ ಎರಡು ಮೂರು ದಶಕದಲ್ಲೇ ಸುಸ್ತಾಗುತ್ತದೆ.

ಈಗ ಹೂವು

ಚಳಿ, ಜಾಗ, ಆಕಾರ ಈ ಮೂರು ಜರಡಿ ದಾಟಿ ಎರಡು ಮೂರು ಹೆಸರು ಉಳಿದಿದ್ದರೆ ಈಗ ಹೂವಿನ ಮೇಲೆ ಆರಿಸಿ.

ಎಸಳು ಜಾಸ್ತಿಯೋ ಕಮ್ಮಿಯೋ ಅನ್ನುವುದು ಮೊದಲ ಪ್ರಶ್ನೆ. ಕಾನ್‌ಜಾನ್‌ನಂಥ ತುಂಬು ಹೂವು ಮರದ ಮೇಲೆ ಒಂದಷ್ಟು ದಿನ ಹೆಚ್ಚಿಗೆ ನಿಲ್ಲುತ್ತದೆ, ದೂರದಿಂದಲೂ ಕಣ್ಣಿಗೆ ಹೊಡೆಯುತ್ತದೆ. ಆದರೆ ಆ ಹೂವಿನಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ. ಜೇನುನೊಣ ಬಂದು ಸುತ್ತಿ, ಏನೂ ದಕ್ಕದೆ ವಾಪಸ್ಸು ಹೋಗುತ್ತದೆ. ಯೋಶಿನೊ, ಒಕಾಮೆ, ತೈ-ಹಾಕು, ಇವೆಲ್ಲ ಐದೆಸಳಿನವು. ಬಿಸಿಲೇರಿದಾಗ ಇಂಥ ಮರದ ಕೆಳಗೆ ನಿಂತರೆ ಇಡೀ ಮರವೇ ಗುಂಯ್‌ಗುಡುತ್ತಿರುತ್ತದೆ. ನನಗಂತೂ ಆ ಸದ್ದಿಗೇ ಒಂಟಿ ಹೂವು ಇಷ್ಟ. ಮಳೆ ಬಿದ್ದಾಗಲೂ ವ್ಯತ್ಯಾಸ ಕಾಣುತ್ತದೆ: ಒಂಟಿ ಹೂವಿನ ಎಸಳು ಉದುರಿ ಹಾರುತ್ತದೆ, ತುಂಬು ಹೂವು ನೀರು ಹೀರಿ ಕಂದಾಗಿ ಒದ್ದೆ ಬಟ್ಟೆಯ ಹಾಗೆ ಕೊಂಬೆಗೆ ಅಂಟಿಕೊಂಡಿರುತ್ತದೆ.

ಯಾವಾಗ ಅರಳುತ್ತದೆ ಅನ್ನುವುದು ಎರಡನೆಯದು. ಒಕಾಮೆ ಎಲ್ಲಕ್ಕಿಂತ ಮುಂಚೆ, ಆಮೇಲೆ ಯೋಶಿನೊ, ಅದಾಗಿ ಸುಮಾರು ಎರಡು ವಾರಕ್ಕೆ ಕಾನ್‌ಜಾನ್, ಕೊನೆಗೆ ಶಿರೊಫುಗೆನ್. ಇದು ಗುಲಾಬಿ ಮೊಗ್ಗಾಗಿ, ಬಿಳಿಯಾಗಿ ಅರಳಿ, ಉದುರುವ ಮೊದಲು ಮತ್ತೆ ಗುಲಾಬಿಗೆ ತಿರುಗುವ ತಮಾಷೆಯ ಹೂವು. ವಸಂತದಲ್ಲಿ ತಡವಾಗಿ ಹಿಮ ಬೀಳುವ ಜಾಗದಲ್ಲಿ ಬೇಗ ಅರಳುವುದನ್ನು ಹಾಕಿದರೆ ಒಂದೇ ರಾತ್ರಿಯಲ್ಲಿ ಹೂವೆಲ್ಲ ಕಂದು ಬಣ್ಣಕ್ಕೆ ಸುಟ್ಟುಹೋಗಬಹುದು. ಅಂಥ ಕಡೆ ತಡವಾಗಿ ಅರಳುವುದೇ ಸರಿ. ಎರಡು ಮರಕ್ಕೆ ಜಾಗ ಇದ್ದವರು ಒಂದು ಬೇಗನೆಯದು, ಒಂದು ತಡವಾದದ್ದು ಹಾಕಿದರೆ ಹತ್ತು ದಿನದ ಹಬ್ಬ ಒಂದು ತಿಂಗಳಾಗುತ್ತದೆ. ಒಂದೇ ಭರಾಟೆ ನನಗೆ ಬೇಡ, ಚಳಿಗಾಲದಲ್ಲಿ ಆಗಾಗ ನಾಲ್ಕು ಹೂವು ಕಂಡರೆ ಸಾಕು ಅನ್ನುವವರಿಗೆ ಆಟಮ್ನಾಲಿಸ್ ಇದೆ. ಚಳಿ ಸ್ವಲ್ಪ ಸಡಿಲವಾದಾಗಲೆಲ್ಲ ನವೆಂಬರಿನಿಂದ ಮಾರ್ಚ್‌ವರೆಗೆ ಬಿಟ್ಟು ಬಿಟ್ಟು ಅರಳುತ್ತದೆ. ಒಮ್ಮೆಗೇ ಮರ ತುಂಬುವುದಿಲ್ಲ ಅನ್ನುವುದನ್ನು ಒಪ್ಪಿಕೊಂಡೇ ತರಬೇಕು.

ಬಣ್ಣ ನಿಮ್ಮಿಷ್ಟ. ಗುಲಾಬಿ ಬೇಸರವಾಗಿದ್ದರೆ ಉಕೊನ್ ನೋಡಿ, ಹಸಿರು ಬೆರೆತ ತಿಳಿ ಹಳದಿ. ಜಪಾನಿ ಭಾಷೆಯಲ್ಲಿ ಉಕೊನ್ ಅಂದರೆ ನಮ್ಮ ಅರಿಶಿನವೇ. ಅಚ್ಚ ಬಿಳಿ ಬೇಕಿದ್ದರೆ ತೈ-ಹಾಕು. ತಾಮ್ರದ ಬಣ್ಣದ ಎಳೆ ಚಿಗುರಿನ ಮಧ್ಯೆ ಅಂಗೈಯಲ್ಲಿ ಇಟ್ಟುಕೊಳ್ಳುವಷ್ಟು ದೊಡ್ಡ ಹೂವು. ಈ ತಳಿ ಜಪಾನಿನಲ್ಲೇ ಕಾಣೆಯಾಗಿತ್ತು. 1923ರಲ್ಲಿ ಆಗಲೇ ಹೇಳಿದ ಇಂಗ್ರಾಮ್ ಇಂಗ್ಲೆಂಡಿನ ಸಸೆಕ್ಸ್‌ನ ಒಂದು ತೋಟದಲ್ಲಿ ಸಾಯುತ್ತಿದ್ದ ಒಂದೇ ಒಂದು ಮರ ಕಂಡು, ಅದರ ಕಡ್ಡಿ ತಂದು ಕಸಿ ಕಟ್ಟಿ ಉಳಿಸಿಕೊಂಡ. ಜಪಾನಿಗೆ ವಾಪಸ್ಸು ಕಳಿಸಲು ಹೋದರೆ ದಾರಿಯಲ್ಲೇ ಕಡ್ಡಿಗಳು ಹಾಳಾಗುತ್ತಿದ್ದವು. ಕೊನೆಗೆ 1932ರಲ್ಲಿ ಕಡ್ಡಿಗಳನ್ನು ಆಲೂಗಡ್ಡೆಗೆ ಚುಚ್ಚಿ, ಸೈಬೀರಿಯಾ ದಾಟುವ ರೈಲಿನಲ್ಲಿ ಕಳಿಸಿ ಗೆದ್ದ. ಕಸಿ ಅಂದರೆ ಬರೀ ನನ್ನಂಥವರ ಮರ ಹಾಳು ಮಾಡುವ ವಿದ್ಯೆ ಅಲ್ಲ ಅನ್ನುವುದಕ್ಕೆ ಹೇಳಿದೆ.

ಹೂವು ಇರಲಿ ಬಿಡಿ, ಚಳಿಗಾಲದ ಬೋಳು ಮರವೂ ನೋಡುವಂತಿರಬೇಕು ಅಂದರೆ ಸೆರ್ರುಲಾ. ಹೂವು ಸಾಧಾರಣ. ತೊಗಟೆ ಮಾತ್ರ ಪಾಲಿಶ್ ಹೊಡೆದ ಬೀಟೆ ಪೀಠೋಪಕರಣದ ಹಾಗೆ ಕೆಂಪು ಕಂದಾಗಿ ಹೊಳೆಯುತ್ತದೆ, ಸವರುತ್ತಲೇ ಇರಬೇಕು ಅನ್ನಿಸುವಷ್ಟು ನುಣುಪು.

ಗಿಡ ತರುವಾಗ, ನೆಡುವಾಗ

ದೊಡ್ಡ ಗಿಡಕ್ಕೆ ಆಸೆ ಪಡಬೇಡಿ. ಕಸಿ ಗಿಡ ಚಿಕ್ಕದಿದ್ದಾಗಲೇ ಹೂ ಬಿಡಲು ಶುರು ಮಾಡುತ್ತದೆ, ಸಣ್ಣದೇ ಬೇಗ ಬೇರು ಹಿಡಿಯುತ್ತದೆ. ಎಲೆಯಿಲ್ಲದ ಕಾಲದಲ್ಲಿ ಮಣ್ಣಿಲ್ಲದ ಬರಿಬೇರಿನ ಗಿಡ ಸಿಕ್ಕಿದರೆ ಅದು ಅಗ್ಗ, ತಳಿಗಳ ಆಯ್ಕೆಯೂ ಜಾಸ್ತಿ, ಆದರೆ ತಂದ ಕೂಡಲೇ ನೆಡಬೇಕು. ಕುಂಡದ ಗಿಡವಾದರೆ ಯಾವಾಗ ಬೇಕಾದರೂ ನೆಡಬಹುದು. ಮೆಲ್ಲಗೆ ಎತ್ತಿ ಬೇರು ನೋಡಿ, ಹಗ್ಗ ಸುತ್ತಿದ ಹಾಗೆ ಸುತ್ತಿಕೊಂಡಿದ್ದರೆ ಬೇಡ. ಕಾಂಡದ ಮೇಲೆ ಜೇನುಬಣ್ಣದ ಅಂಟು ಹನಿ ಹನಿಯಾಗಿ ಗಟ್ಟಿಯಾಗಿದ್ದರೆ ಅದೂ ಬೇಡ, ಒಳಗೆ ಏನೋ ಗಾಯ ಅಥವಾ ರೋಗ ಇರಬಹುದು.

ನೆಡುವ ಕಡೆ ಎರಡಡಿ ಗುಂಡಿ ತೋಡಿ ನೀರು ತುಂಬಿಸಿ ಬಿಡಿ. ಮರುದಿನವೂ ನೀರು ನಿಂತಿದ್ದರೆ ಆ ಜಾಗ ಬಿಟ್ಟುಬಿಡಿ. ಚೆರ್ರಿ ಬಡ ಮಣ್ಣು ತಡೆದುಕೊಳ್ಳುತ್ತದೆ, ನಿಂತ ನೀರು ತಡೆಯುವುದಿಲ್ಲ. ಬಿಸಿಲು ಚೆನ್ನಾಗಿರಬೇಕು. ಬೇರು ಮೇಲ್ಮೇಲೇ ಹರಿಯುವುದರಿಂದ ಹಾಸುಗಲ್ಲಿನ ಹತ್ತಿರ ಹಾಕಿದರೆ ಕೆಲವು ವರ್ಷದಲ್ಲಿ ಕಲ್ಲು ಎದ್ದು ಕೂರುತ್ತದೆ. ಹಳೆ ಚೆರ್ರಿ ಸತ್ತ ಗುಂಡಿಯಲ್ಲೇ ಹೊಸದನ್ನು ನೆಡಬೇಡಿ, ಏಳುವುದು ಕಷ್ಟ. ಕಸಿಗಂಟು ಮಣ್ಣಿನ ಮೇಲೇ ಇರಬೇಕು. ಮೊದಲ ಎರಡು ಮೂರು ಬೇಸಿಗೆ ನೀರು ತಪ್ಪಿಸಬೇಡಿ.

ಇನ್ನು ಕತ್ತರಿ. ಚೆರ್ರಿಯನ್ನು ಎಷ್ಟು ಕಡಿಮೆ ಕತ್ತರಿಸಿದರೆ ಅಷ್ಟು ಒಳ್ಳೆಯದು. ಅನಿವಾರ್ಯವಾದರೆ ಹೂವು ಮುಗಿದ ಮೇಲೆ, ಬೇಸಿಗೆಯ ಒಣ ದಿನದಲ್ಲಿ. ಬೇರೆ ಮರಗಳ ಹಾಗೆ ಚಳಿಗಾಲದಲ್ಲಿ ಕತ್ತರಿಸಿದರೆ ಆ ಗಾಯದಿಂದ ಎಲೆಗೆ ಬೆಳ್ಳಿ ಬಣ್ಣ ಬರಿಸುವ ಶಿಲೀಂಧ್ರ ರೋಗವೋ, ಕಾಂಡ ಕೊಳೆಸುವ ಬ್ಯಾಕ್ಟೀರಿಯಾವೋ ಒಳಗೆ ಹೋಗುತ್ತದೆ, ಮರ ಕೊಂಬೆ ಕೊಂಬೆಯಾಗಿ ಒಣಗುತ್ತದೆ. ದೊಡ್ಡ ತಳಿ ತಂದು ವರ್ಷಾ ವರ್ಷಾ ಕಡಿದು ಸಣ್ಣದಾಗಿಸುವ ಆಟ ಇಲ್ಲಿ ನಡೆಯದು ಅಂದದ್ದು ಇದಕ್ಕೇ.

ಯಾವುದು ತರಲಿ ಅಂತ ನನ್ನನ್ನು ಕೇಳುವವರಿಗೆ ನಾನು ಹೇಳುವುದು ಒಕಾಮೆ. ಇಪ್ಪತ್ತೈದು ಅಡಿಯೊಳಗೆ ನಿಲ್ಲುತ್ತದೆ, ಜೇನಿಗೆ ಹೂವು ಕೊಡುತ್ತದೆ, ಎಲೆ ಉದುರುವ ಮುಂಚೆ ಬಣ್ಣವನ್ನೂ ತೋರಿಸುತ್ತದೆ, ಚಳಿಯ ವಿಷಯದಲ್ಲಿ ಹಟ ಮಾಡುವುದಿಲ್ಲ. ಜಾಗ ಕಮ್ಮಿ ಇದ್ದವರಿಗೆ ಕೊಜೊ-ನೊ-ಮಾಯ್. ಕಾನ್‌ಜಾನ್ ಬೇಕೇ ಬೇಕು ಅಂತ ಹಟ ಹಿಡಿದವರಿಗೆ ಹಗ್ಗ ಮತ್ತು ಗೂಟ ಕೊಟ್ಟು ಕಳಿಸುತ್ತೇನೆ.

ನನ್ನ ಜೋಲು ಚೆರ್ರಿ ಈಗ ಇಪ್ಪತ್ತು ಅಡಿಯ ನೆಟ್ಟಗಿನ ಕಾಡು ಚೆರ್ರಿ. ಕಡಿಯಲು ಮನಸ್ಸು ಬರಲಿಲ್ಲ. ಒಣಗಿದ ಹಳೆಯ ಕೊಡೆಯ ಒಂದು ಮೋಟು ಮಾತ್ರ ಆಳೆತ್ತರದಲ್ಲಿ ಕಾಂಡಕ್ಕೆ ಇನ್ನೂ ಅಂಟಿಕೊಂಡಿದೆ, ಗಿಡಕ್ಕೆ ನೀರು ಹಾಕುವ ಪೈಪನ್ನು ಅದಕ್ಕೇ ಸುತ್ತಿಡುತ್ತೇನೆ.